ಕೊಳೆರೋಗದ ಬೆನ್ನು ಹತ್ತಿದ ಕೋಲ್ಮನ್ ಸಾಹೇಬರು



ಮಹನೀಯರ ಪರಿಚಯ ಅಂದ ಕೂಡಲೇ ನಮಗೆ ನೆನಪಾಗುವುದು ಗಾಂಧೀಜಿ, ವಿಶ್ವೇಶ್ವರಯ್ಯ, ನಮ್ಮೂರಿನ ಕುವೆಂಪು. ಈ ಸಲ ಪಾಠಪುಸ್ತಕದಲ್ಲಿ ಬಾರದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಇವರು ನಮ್ಮ ದೇಶದವರಲ್ಲ, ನಮ್ಮ ಭಾಷೆಯವರೂ ಅಲ್ಲ. ಆದರೆ ಅಡಿಕೆ ತೋಟ ಇರುವ ಮನೆಗಳಲ್ಲಿ ಮಳೆಗಾಲದ ಮುಂಚೆ ಮೈಲುತುತ್ತ, ಸುಣ್ಣ ತಂದಿಡುತ್ತಾರಲ್ಲ, ಆ ಕೆಲಸದ ಹಿಂದೆ ಇವರ ಶ್ರಮ ಇದೆ. ಕಾಫಿ ಗಿಡ, ಮಂಡ್ಯದ ಕಬ್ಬು, ಬಯಲುಸೀಮೆಯ ರಾಗಿ ಇವುಗಳ ಹಿಂದೆಯೂ ಇದೆ. ಅವರ ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮೈಸೂರು ಸಂಸ್ಥಾನದ ಹಳೇ ಕಾಲದ ರೈತರಿಗೆ ಅವರು ಕೋಲ್ಮನ್ ಸಾಹೇಬರು.

ಹಿಮ ಬೀಳುವ ಊರಿನಿಂದ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ. ಭೂಪಟ ತೆಗೆದು ನೋಡಿ, ಅಮೆರಿಕಾದ ತಲೆಯ ಮೇಲೆ ಕೆನಡಾ ಇದೆ. ನಮಗೆ ಮಳೆಗಾಲ ಹೇಗೋ ಅಲ್ಲಿಯವರಿಗೆ ಚಳಿಗಾಲ ಹಾಗೆ. ತಿಂಗಳುಗಟ್ಟಲೆ ಹಿಮ ಬೀಳುತ್ತದೆ, ಕೆರೆ ಹೊಳೆಯ ನೀರು ಕಲ್ಲಾಗುತ್ತದೆ, ಎಷ್ಟೋ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ.

ಅಂಥ ಚಳಿ ಸೀಮೆಯಲ್ಲಿ ಹಣ್ಣು ಬೆಳೆಯುವುದು ಸುಲಭದ ಮಾತಲ್ಲ. ಪ್ಲಮ್ ಹಣ್ಣನ್ನೇ ತಗೊಳ್ಳಿ, ಪೇಟೆಯಲ್ಲಿ ಆಲೂಬುಖಾರ ಅಂತ ಮಾರುತ್ತಾರಲ್ಲ, ಅದು. ಬೇರೆ ದೇಶದಿಂದ ತಂದ ದೊಡ್ಡ, ಸಿಹಿ ಪ್ಲಮ್ ಗಿಡ ಅಲ್ಲಿಯ ಕಡು ಚಳಿಗೆ ಸತ್ತೇ ಹೋಗುತ್ತಿತ್ತು. ಕಾಡಿನಲ್ಲಿ ತಾನಾಗಿ ಬೆಳೆಯುವ ಪ್ಲಮ್ ಎಂಥ ಚಳಿಗೂ ಜಗ್ಗುತ್ತಿರಲಿಲ್ಲ, ಆದರೆ ಹಣ್ಣು ಸಣ್ಣ, ರುಚಿ ಹುಳಿ ಒಗರು. ಅಮೆರಿಕಾದ ದಕ್ಷಿಣ ಡಕೋಟಾದಲ್ಲಿ ನೀಲ್ಸ್ ಹ್ಯಾನ್ಸನ್ ಎಂಬ ವಿಜ್ಞಾನಿ ಒಂದು ಉಪಾಯ ಮಾಡಿದರು. ಊರಿನ ಕಾಡು ಗಿಡದ ಹೂವಿಗೂ ಹೊರಗಿನ ಸಿಹಿ ಹಣ್ಣಿನ ಗಿಡದ ಹೂವಿಗೂ ಪರಾಗ ಕೂಡಿಸಿದರು. ಹುಟ್ಟಿದ ನೂರಾರು ಸಸಿಗಳನ್ನು ಚಳಿಗೇ ಬಿಟ್ಟರು. ಸತ್ತವು ಸತ್ತವು. ಬದುಕಿ ಉಳಿದು ಒಳ್ಳೇ ಹಣ್ಣು ಕೊಟ್ಟವನ್ನು ಆರಿಸಿ ಬೆಳೆಸಿದರು. ಕಾಡಿನ ತಾಯಿಯಿಂದ ಗಟ್ಟಿತನ, ತೋಟದ ತಂದೆಯಿಂದ ಸಿಹಿ. ಇದಕ್ಕೇ ಮಿಶ್ರತಳಿ ಅಥವಾ ಹೈಬ್ರಿಡ್ ಅನ್ನುತ್ತಾರೆ.

ಈ ಪ್ಲಮ್ಮಿನ ಕಥೆ ಯಾಕೆ ಹೇಳಿದೆ ಅಂದರೆ, ಇದೇ ಉಪಾಯ ಮುಂದೆ ನಮ್ಮ ಮಲೆನಾಡಿನ ಕಾಫಿಗೂ ಬಂತು. ಅಲ್ಲಿಯ ಗಿಡಗಳ ಶತ್ರು ಚಳಿಯಾದರೆ ಇಲ್ಲಿಯ ಗಿಡಗಳ ಶತ್ರು ಮಳೆ ಮತ್ತು ಮಳೆ ತರುವ ರೋಗ. ಉಪಾಯ ಮಾತ್ರ ಒಂದೇ.

ಕೋಲ್ಮನ್ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿದರು. ಆಮೇಲೆ ಜರ್ಮನಿಯ ಗಟ್ಟಿಂಗನ್‌ಗೆ ಹೋಗಿ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬೆಳೆಗೆ ಬರುವ ಶಿಲೀಂಧ್ರ ರೋಗ, ಕೀಟದ ಕಾಟ, ಎರಡನ್ನೂ ಅವರೇ ನೋಡಿಕೊಳ್ಳಬೇಕಿತ್ತು. ಆಗ ಅವರಿಗೆ 30 ವರ್ಷ. ನಮ್ಮ ಕುವೆಂಪು ಆಗ ಕುಪ್ಪಳ್ಳಿ ಮನೆಯ ಅಂಗಳದಲ್ಲಿ ಆಡುವ, ಇನ್ನೂ ನಾಲ್ಕು ತುಂಬದ ಮಗು.

ತೋಟದ ಕೆಳಗೆ ಉದುರಿದ ಕಾಯಿ

ಕೊಳೆರೋಗ ಅಂದರೆ ಏನು ಅಂತ ನಮ್ಮ ಶಾಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಷಾಢದ ಜಡಿಮಳೆ ಹಿಡಿದಾಗ ಎಳೇ ಅಡಿಕೆ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಮಚ್ಚೆ ಬೀಳುತ್ತದೆ. ಮಚ್ಚೆ ಹರಡುತ್ತದೆ. ಕಾಯಿ ಕೊಳೆತು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಹತ್ತಿಯ ಹಾಗೆ ಬೆಳ್ಳಗೆ ಬೂಸಲು. ಒಂದು ಕೊನೆಗೆ ಹತ್ತಿದರೆ ಪಕ್ಕದ ಮರಕ್ಕೆ, ಆಮೇಲೆ ಇಡೀ ತೋಟಕ್ಕೆ. ವರ್ಷದ ಫಸಲು ನಾಲ್ಕು ವಾರದಲ್ಲಿ ಮಣ್ಣುಪಾಲು.

ಫಸಲು ಹೋದರೆ ಬರೀ ಅಡಿಕೆ ಹೋದ ಹಾಗಲ್ಲ. ಅಂಗಡಿ ಲೆಕ್ಕ, ಸಾಲದ ಬಡ್ಡಿ, ಮನೆಯ ಮದುವೆ, ಮಕ್ಕಳ ಶಾಲೆ ಎಲ್ಲವೂ ಆ ಕೊನೆಗಳ ಮೇಲೇ ನಿಂತಿರುತ್ತವೆ. ತೋಟದ ಕೆಲಸಕ್ಕೆ ಬರುವವರ ಕೂಲಿಯೂ ಅದರ ಮೇಲೇ. ನೂರು ವರ್ಷದ ಹಿಂದೆಯೂ ಹಾಗೇ ಇತ್ತು.

ಆಗ ನಮ್ಮ ಹಿರಿಯರು ಕೈಕಟ್ಟಿ ಕೂತಿರಲಿಲ್ಲ. ಮಳೆ ಶುರುವಾಗುವ ಮುಂಚೆ ಕೊನೆಗಾರರು ಒಂದೊಂದೇ ಮರ ಹತ್ತಿ, ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕೊನೆಗೂ ಒಂದು ಗೊರಬು ಹಾಕಿದ ಹಾಗೆ ಅನ್ನಿ. ಕಾಯಿಗೆ ನೀರು ತಾಗದಿದ್ದರೆ ರೋಗ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಈ ತಿಳಿವಳಿಕೆ ಸರಿಯಾದದ್ದೇ. ಆದರೆ ಸಾವಿರಾರು ಮರಕ್ಕೆ ಕೊಟ್ಟೆ ಕಟ್ಟುವುದೆಂದರೆ ಎಷ್ಟು ಜನ ಬೇಕು, ಎಷ್ಟು ದಿನ ಬೇಕು ಯೋಚಿಸಿ.

ಕೋಲ್ಮನ್ ರೋಗ ಬಿದ್ದ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ರೋಗ ತರುವುದು ಫೈಟಾಫ್ತೊರಾ ಜಾತಿಯ ಜೀವಿ ಎಂದು ಕಂಡುಕೊಂಡರು. ಇದರ ಬೀಜಾಣುಗಳಿಗೆ ಬಾಲದಂಥ ಎರಡು ಎಳೆ ಇರುತ್ತವೆ. ನೀರಿನ ತೆಳು ಪದರ ಸಿಕ್ಕರೆ ಸಾಕು, ಈಜಿಕೊಂಡು ಹೋಗಿ ಕಾಯಿಯೊಳಗೆ ಬೇರು ಬಿಡುತ್ತವೆ. ಮಳೆ ಹನಿ ಸಿಡಿದು, ಗಾಳಿ ಬೀಸಿ ಮರದಿಂದ ಮರಕ್ಕೆ ಹೋಗುತ್ತವೆ. ಹೊಳವಾಗದೆ ಹಗಲೂ ರಾತ್ರಿ ಸುರಿಯುವ ಮಳೆ ಅಂದರೆ ಅವಕ್ಕೆ ಹಬ್ಬ.

ಮೈಲುತುತ್ತ ಮತ್ತು ಸುಣ್ಣ

ಫ್ರಾನ್ಸ್ ದೇಶದ ಬೋರ್ಡೋ ಎಂಬಲ್ಲಿ ದ್ರಾಕ್ಷಿ ತೋಟಕ್ಕೆ ಬರುತ್ತಿದ್ದ ರೋಗಕ್ಕೆ ಮಿಲಾರ್ಡೆ ಎಂಬುವರು 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಪ್ರಚಾರಕ್ಕೆ ತಂದಿದ್ದರು. ಅದಕ್ಕೇ ಅದರ ಹೆಸರು ಬೋರ್ಡೋ ದ್ರಾವಣ. ಅದನ್ನು ಅಡಿಕೆಗೂ ಹೊಡೆಯಬಹುದೇ ಎಂದು ಕೋಲ್ಮನ್ ಯೋಚಿಸಿದರು.

ಆದರೆ ದ್ರಾಕ್ಷಿ ಬಳ್ಳಿ ಆಳೆತ್ತರ, ಅಡಿಕೆ ಮರ ಆಕಾಶದೆತ್ತರ. ಇನ್ನೊಂದು ದೊಡ್ಡ ತೊಂದರೆ ಮಳೆಯದು. ನಮ್ಮಲ್ಲಿ ಬೀಳುವ ಮಳೆ ಅಂಥಿಂಥ ಮಳೆಯಲ್ಲವಲ್ಲ! ಹೊಡೆದ ಔಷಧಿ ಒಂದೇ ವಾರದಲ್ಲಿ ತೊಳೆದು ಹೋದರೆ ಏನು ಪ್ರಯೋಜನ? ಕಾಯಿಯ ಮೈ ಬೇರೆ ನುಣುಪು. ಅದಕ್ಕೆ ಔಷಧಿ ಕಾಯಿಗೆ ಅಂಟಿಕೊಂಡು ನಿಲ್ಲಲಿ ಅಂತ ರಾಳ ಮತ್ತು ಸೋಡಾ ಸೇರಿಸಿದ ಅಂಟು ಬಳಸಿದರು. ರೋಗ ಬಂದ ಮೇಲೆ ಹೊಡೆದರೆ ಕೊಳೆತ ಕಾಯಿ ಮತ್ತೆ ಸರಿಯಾಗುವುದಿಲ್ಲ, ಮಳೆ ಹಿಡಿಯುವ ಮುಂಚೆಯೇ ಹೊಡೆಯಬೇಕು ಎಂಬುದು ಈ ಪ್ರಯೋಗಗಳ ತಿರುಳು. 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಅವರ ವರದಿ ಅಚ್ಚಾಯಿತು. ಬಂದು ಎರಡೇ ವರ್ಷದಲ್ಲಿ!

ಈಗಲೂ ಲೆಕ್ಕ ಸುಮಾರು ಅದೇ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಶೇಕಡಾ 1ರ ದ್ರಾವಣ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಹೊಳವು ನೋಡಿಕೊಂಡು ಇನ್ನೊಂದು ಸಲ. ಮೈಲುತುತ್ತವನ್ನು ಬೇರೆ, ಸುಣ್ಣವನ್ನು ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಬಳಸಬಾರದು. ತಯಾರಾದ ದ್ರಾವಣಕ್ಕೆ ಹೊಳೆಯುವ ಚೂರಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ವಿಜ್ಞಾನದ ಪುಸ್ತಕದಲ್ಲಿ ನಾವು ಓದುವ ರಾಸಾಯನಿಕ ಕ್ರಿಯೆ ನಮ್ಮ ತೋಟದ ಡ್ರಮ್ಮಿನಲ್ಲೇ ನಡೆಯುತ್ತದೆ ನೋಡಿ!

ಕೊಳೆರೋಗ ಎಂಬ ನಮ್ಮ ಕನ್ನಡ ಪದ ವಿಜ್ಞಾನದ ಲ್ಯಾಟಿನ್ ಹೆಸರಿನಲ್ಲೂ ಸೇರಿಕೊಂಡಿದೆ ಅಂದರೆ ನಂಬುತ್ತೀರಾ? ಕಾಫಿ ಗಿಡಕ್ಕೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲೇ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟಿದ್ದರು. ಅಡಿಕೆಯ ಕೊಳೆ ಬೇರೆ, ಕಾಫಿಯ ಕೊಳೆ ಬೇರೆ. ರೋಗಾಣುಗಳೂ ಬೇರೆ ಬೇರೆ. ಹೆಸರು ಮಾತ್ರ ಒಂದೇ.

ರೆಕ್ಕೆಯಿಲ್ಲದ ಮಿಡತೆ

ಬಯಲುಸೀಮೆಯ ಜೋಳದ ಹೊಲಗಳಿಗೆ ಆಗ ಒಂದು ಮಿಡತೆಯ ಕಾಟ ಇತ್ತು. ಅದಕ್ಕೆ ಹಾರುವಂಥ ರೆಕ್ಕೆ ಇಲ್ಲ. ಆದರೂ ದಂಡು ದಂಡಾಗಿ ಬಂದು ಎಳೇ ಪೈರನ್ನು ಮೇಯುತ್ತಿತ್ತು. ಕೋಲ್ಮನ್ ಅದರ ಹುಟ್ಟು ಬೆಳವಣಿಗೆಯನ್ನೆಲ್ಲ ನೋಡಿ ಬರೆದರು. ಹಾರಲಾರದ ಹುಳುವನ್ನು ಬಟ್ಟೆಯ ಚೀಲದಲ್ಲಿ ಬಾಚಿ ಹಿಡಿಯಬಹುದು ಎಂದು ರೈತರಿಗೆ ತೋರಿಸಿಕೊಟ್ಟರು. ಆ ಮಿಡತೆಯ ಜಾತಿಗೆ ವಿಜ್ಞಾನಿಗಳು ಕೋಲ್ಮೇನಿಯಾ ಎಂದೇ ಹೆಸರಿಟ್ಟರು. ಕೆಲವರ ಹೆಸರು ರಸ್ತೆಗೆ, ಸರ್ಕಲ್ಲಿಗೆ ಇರುತ್ತದೆ. ಇವರ ಹೆಸರು ಒಂದು ಮಿಡತೆಗೆ ಇದೆ!

ಹೆಬ್ಬಾಳದ ಶಾಲೆ

ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆಂದು ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ 30 ಎಕರೆ ಜಮೀನು ಕೊಟ್ಟಿದ್ದರು. 1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ವಿಶ್ವೇಶ್ವರಯ್ಯನವರು ದಿವಾನರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಆ ಶಾಲೆಯ ಬೇರಿನಿಂದಲೇ 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು.

ರಾಗಿಯ ಕೆಲಸವೂ ಅಲ್ಲೇ ಮೊದಲಾಯಿತು. ಹೊಲದಲ್ಲಿ ಸಾವಿರ ತೆನೆ ಇದ್ದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಅದರಲ್ಲಿ ಒಳ್ಳೆಯ ತೆನೆ ಆರಿಸಿ, ಅದರ ಬೀಜ ಬೇರೆ ಬಿತ್ತಿ, ಮತ್ತೆ ಆರಿಸಿ, ಹೀಗೆ ಮಾಡಿ ಎಚ್-22 ಎಂಬ ರಾಗಿ ತಳಿಯನ್ನು ಅವರ ಕಾಲದಲ್ಲಿ ಹೊರತಂದರು. ಇದು ಕೂಡಿಸಿದ ತಳಿಯಲ್ಲ, ಆರಿಸಿದ ತಳಿ. ಎಷ್ಟೋ ವರ್ಷಗಳ ಮೇಲೆ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಆ ವಿ.ಸಿ. ಫಾರಂ ಕೂಡ ಕೋಲ್ಮನ್ ಕಾಲದಲ್ಲಿ ಶುರುವಾದದ್ದೇ.

ನಿರ್ದೇಶಕರು ಹೇಳಿದರು ಅಂತ ರೈತ ಕೇಳಬೇಕಲ್ಲ? ಕಣ್ಣಾರೆ ಕಂಡರೆ ಮಾತ್ರ ರೈತ ನಂಬುತ್ತಾನೆ. 1918ರಲ್ಲಿ ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ ಹುಟ್ಟಿತು. ಅವರ ಹುಟ್ಟುನಾಡಾದ ಒಂಟಾರಿಯೋದಲ್ಲಿ ಇಂಥ ಸಂಘ ಮೊದಲೇ ಇತ್ತು. ರೈತರೂ ವಿಜ್ಞಾನಿಗಳೂ ಒಂದೇ ಸಂಘದಲ್ಲಿ ಕೂತು ಮಾತಾಡುವುದು, ಹೊಸ ಬೀಜ, ಹೊಸ ಗೊಬ್ಬರ ಪರೀಕ್ಷಿಸುವುದು ಅದರ ಉದ್ದೇಶ.

ಕೊಪ್ಪದಿಂದ ಬಾಳೆಹೊನ್ನೂರಿಗೆ

ಈಗ ಕಾಫಿಯ ಕಥೆ. ಕಾಫಿ ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಹಿಡಿಯುವ ತುಕ್ಕು ರೋಗ ನಿಮಗೆ ಗೊತ್ತಿರಬಹುದು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿಯ ಕಾಫಿ ತೋಟಗಳನ್ನೇ ಅಳಿಸಿಹಾಕಿತು. ಅಲ್ಲಿಯವರು ಕಾಫಿ ಕಿತ್ತು ಟೀ ನೆಟ್ಟರು. ನಮ್ಮ ಕಾಫಿ ಸೀಮೆಗೂ ಅದೇ ಗತಿ ಬರಬಹುದೆಂಬ ಭಯ ಇತ್ತು.

1915ರಲ್ಲಿ ನಮ್ಮ ಪಕ್ಕದ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಕಾಫಿ ಸಂಶೋಧನಾ ಘಟಕ ಶುರುವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ ಬಂತು. ಇದನ್ನು ಕಟ್ಟುವುದರಲ್ಲಿ ಕೋಲ್ಮನ್ ಅವರ ಪಾಲು ದೊಡ್ಡದು. ಈಗ ಅದು ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ.

ಅರೇಬಿಕಾ ಕಾಫಿಗೆ ರುಚಿ ಇದೆ, ರೋಗ ತಡೆಯುವ ಶಕ್ತಿ ಕಡಿಮೆ. ಲೈಬೀರಿಕಾ ಎಂಬ ಆಫ್ರಿಕಾದ ಕಾಫಿ ಮರದ ಹಾಗೆ ಬೆಳೆಯುತ್ತದೆ, ರೋಗಕ್ಕೆ ಗಟ್ಟಿ, ಆದರೆ ರುಚಿ ಸಾಧಾರಣ. ಕಾಡು ಪ್ಲಮ್, ಸಿಹಿ ಪ್ಲಮ್ ಇದ್ದ ಹಾಗೆಯೇ ಅಲ್ಲವೇ? ಇವೆರಡೂ ತೋಟವೊಂದರಲ್ಲಿ ತಾವಾಗಿಯೇ ಕೂಡಿ ಹುಟ್ಟಿದ ಒಂದು ಗಿಡ ಸಿಕ್ಕಿತು. ಅದಕ್ಕೆ ಎಸ್.26 ಎಂದು ನಂಬರು ಕೊಟ್ಟರು. ಅದರ ಸಂತತಿಯಲ್ಲಿ ಆರಿಸಿದ್ದು ಎಸ್.288. ಅದು ತುಕ್ಕು ರೋಗವನ್ನು ಚೆನ್ನಾಗಿ ತಡೆಯಿತು, ಆದರೆ ಬೀಜದಲ್ಲಿ ದೋಷ ಇತ್ತು. ಮತ್ತೆ ಅದನ್ನು ಕೆಂಟ್ಸ್ ಎಂಬ ಒಳ್ಳೇ ರುಚಿಯ ಅರೇಬಿಕಾಗೆ ಕೂಡಿಸಿದರು. ಅದರಿಂದ ಬಂದದ್ದು ಎಸ್.795. ಕಾಫಿ ಬೆಳೆಗಾರರು ಯಾರನ್ನು ಕೇಳಿದರೂ ಈ ಹೆಸರು ಹೇಳುತ್ತಾರೆ.

ಎಸ್.795 ಬೆಳೆಗಾರರ ಕೈಗೆ ಬಂದದ್ದು 1940ರ ದಶಕದ ನಡುವಿನಲ್ಲಿ. ಕೋಲ್ಮನ್ 1934ರಲ್ಲೇ ನಿವೃತ್ತರಾಗಿದ್ದರು. ಕಾಫಿ ಸಸಿ ನೆಟ್ಟು ಮೊದಲ ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು. ಒಂದು ತಳಿ ಗಟ್ಟಿಯೋ ಅಲ್ಲವೋ ತಿಳಿಯಲು ಒಂದು ತಲೆಮಾರೇ ಬೇಕು. ಹಾಗಾಗಿ ಈ ಕೆಲಸ ಒಬ್ಬರದ್ದಲ್ಲ. ಒಬ್ಬರು ಕೇಂದ್ರ ಕಟ್ಟಿದರು, ಇನ್ನೊಬ್ಬರು ಹೂವಿಗೆ ಪರಾಗ ಕೂಡಿಸಿದರು, ಮತ್ತೊಬ್ಬರು ಸಸಿ ಆರಿಸಿದರು. ಬಿಸಿಲಲ್ಲಿ ನಿಂತು ಗಿಡಕ್ಕೆ ನೀರು ಹಾಕಿದ ಕೂಲಿಯವರ ಪಾಲೂ ಇದೆ.

ರೋಗವೂ ಸುಮ್ಮನಿರುವುದಿಲ್ಲ. ತುಕ್ಕು ರೋಗಾಣುವಿನಲ್ಲೂ ಬೇರೆ ಬೇರೆ ಬಗೆ ಇವೆ ಎಂದು ಬಾಳೆಹೊನ್ನೂರಿನಲ್ಲಿ ಮೇಯ್ನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕಂಡುಹಿಡಿದರು. ಇಂದು ಗಟ್ಟಿಯಾದ ತಳಿಗೆ ನಾಳೆ ಹೊಸ ಬಗೆಯ ರೋಗಾಣು ಬರುತ್ತದೆ. ಎಸ್.795 ತಳಿಯ ತಡೆಯುವ ಶಕ್ತಿಯೂ ವರ್ಷ ಕಳೆದಂತೆ ಕಡಿಮೆಯಾಯಿತು. ಅದಕ್ಕೇ ಸಂಶೋಧನೆ ನಿಲ್ಲಿಸುವ ಹಾಗಿಲ್ಲ.

ಮಂಡ್ಯದ ಕಬ್ಬು

ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಕಡೆ ಹರಿದಾಗ ಆ ನೀರಿನಲ್ಲಿ ಏನು ಬೆಳೆಯಬೇಕು ಎಂಬ ಪ್ರಶ್ನೆ ಬಂತು. ಕಬ್ಬು ಬೆಳೆದರೆ ಅರೆಯಲು ಕಾರ್ಖಾನೆ ಬೇಕು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆಯೂ ಕೋಲ್ಮನ್ ದುಡಿದಿದ್ದರು. ಹೆಬ್ಬಾಳದಲ್ಲಿ ಕಬ್ಬಿನ ಮಿಶ್ರತಳಿಗಳನ್ನೂ ಮಾಡಿದರು. ಎಚ್.ಎಂ. ಎಂಬ ಹೆಸರಿನ ಕಬ್ಬುಗಳು ಅವು. ಎಚ್ ಅಂದರೆ ಹೆಬ್ಬಾಳ, ಎಂ ಅಂದರೆ ಮೈಸೂರು.

ಕೊಯಮತ್ತೂರಿನಲ್ಲಿ ಇದೇ ಕಾಲಕ್ಕೆ ದಪ್ಪ ಸಿಹಿ ಕಬ್ಬನ್ನು ಹುಲ್ಲಿನಂಥ ಕಾಡು ಕಬ್ಬಿಗೆ ಕೂಡಿಸಿದ್ದರು. ಅದರಿಂದ ಹುಟ್ಟಿದ ತಳಿ ಉತ್ತರ ಭಾರತದ ಚಳಿಯನ್ನೂ ತಡೆದುಕೊಂಡು ಬೆಳೆಯಿತು. ಎಲ್ಲಿ ಹೋದರೂ ಅದೇ ಪಾಠ ನೋಡಿ. ಕಾಡಿನಲ್ಲಿ ಯಾರಿಗೂ ಬೇಡವಾಗಿ ನಿಂತ ಗಿಡದ ಒಳಗೆ ತೋಟದ ಗಿಡವನ್ನು ಉಳಿಸುವ ಶಕ್ತಿ ಇರುತ್ತದೆ.

ಕೊನೆಯ ದಿನಗಳು

ಕೋಲ್ಮನ್ 26 ವರ್ಷ ಮೈಸೂರು ಸಂಸ್ಥಾನದ ನೌಕರಿಯಲ್ಲಿದ್ದರು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಹಿಂತಿರುಗಿದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತು ಗಿಡಗಳ ಜೀವಕೋಶದೊಳಗಿನ ವರ್ಣತಂತುಗಳನ್ನು ಅಭ್ಯಾಸ ಮಾಡಿದರು. ತಳಿಯ ಗುಣ ತಾಯಿ ತಂದೆಯಿಂದ ಮಗುವಿಗೆ ಹೋಗುವುದು ಆ ವರ್ಣತಂತುಗಳ ಮೂಲಕವೇ. 60 ದಾಟಿದ ಮೇಲೂ ವಿದ್ಯಾರ್ಥಿಯ ಹಾಗೆ ಕಲಿಯುತ್ತಿದ್ದರು. 1954ರಲ್ಲಿ ತೀರಿಕೊಂಡರು.

ನಮಗೆ ಉಳಿದ ಕೆಲಸ

ಗೆಳೆಯರೇ, ಕೋಲ್ಮನ್ ಎಲ್ಲ ರೋಗವನ್ನೂ ಗೆದ್ದರು ಅಂತ ತಿಳಿಯಬೇಡಿ. ಮಳೆ ಜಾಸ್ತಿಯಾದ ವರ್ಷ ಬೋರ್ಡೋ ಹೊಡೆದ ತೋಟಕ್ಕೂ ಕೊಳೆ ಬರುತ್ತದೆ. ಔಷಧಿ ಹೊಡೆಯಲು ಮರ ಹತ್ತುವವರು ಸಿಗುವುದೇ ಈಗ ಕಷ್ಟ. ದೋಟಿ ಬಂದಿದೆ ನಿಜ, ಆದರೂ ಎಲ್ಲರ ಹತ್ತಿರ ಇಲ್ಲ. ಶೃಂಗೇರಿ, ಕೊಪ್ಪ ಕಡೆ ಹಳದಿ ಎಲೆ ರೋಗ ಎಷ್ಟೋ ತೋಟಗಳನ್ನು ಬರಿದು ಮಾಡಿದೆ. ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಿಗೂ ಎಲೆಚುಕ್ಕೆ ರೋಗ ಬಂದಿದೆ. ಸೋಗೆ ಒಣಗಿ ನಿಂತ ಮರಗಳನ್ನು ನಾವು ಶಾಲೆಗೆ ಬರುವ ದಾರಿಯಲ್ಲೇ ನೋಡಬಹುದು. ಮನೆಗಳಲ್ಲಿ ಅಪ್ಪಯ್ಯಂದಿರು ತೋಟ ಇಟ್ಟುಕೊಳ್ಳುವುದೋ ಬಿಡುವುದೋ ಅಂತ ಮಾತಾಡುತ್ತಾರೆ.

ಅಡಿಕೆಯಲ್ಲೂ ಮಿಶ್ರತಳಿ ಬಂದಿದೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಹಿರೇಹಳ್ಳಿ ಗಿಡ್ಡ ತಳಿಯನ್ನು ಎತ್ತರದ ತಳಿಗಳಿಗೆ ಕೂಡಿಸಿ ಗಿಡ್ಡ ಮರಗಳನ್ನು ಮಾಡಿದ್ದಾರೆ. ಮರ ಗಿಡ್ಡವಾದರೆ ಔಷಧಿ ಹೊಡೆಯುವುದೂ ಕೊನೆ ಕೊಯ್ಯುವುದೂ ಸುಲಭ. ರೋಗ ತಡೆಯುವ ಮರವನ್ನೂ ಹೀಗೇ ಹುಡುಕಬೇಕು.

ಅದಕ್ಕೆ ನಾವೂ ಒಂದು ಕೆಲಸ ಮಾಡಬಹುದು. ಸುತ್ತ ಎಲ್ಲ ಮರಕ್ಕೂ ರೋಗ ಹತ್ತಿದ್ದರೂ ನಡುವೆ ಒಂದೋ ಎರಡೋ ಮರ ಹಸಿರಾಗಿ ನಿಂತಿರುತ್ತವೆ. ಅಂಥ ಮರ ಕಂಡರೆ ಅದಕ್ಕೊಂದು ಗುರುತು ಹಾಕಿ. ಮುಂದಿನ ವರ್ಷವೂ ಹಾಗೇ ಇದೆಯಾ ನೋಡಿ, ಪುಸ್ತಕದಲ್ಲಿ ಬರೆದಿಡಿ. ಅದು ಬರೀ ಅದೃಷ್ಟದಿಂದ ಉಳಿದಿರಬಹುದು, ಗಟ್ಟಿ ತಳಿಯೂ ಆಗಿರಬಹುದು. ಎರಡು ಮೂರು ವರ್ಷ ನೋಡಿದರೆ ಮಾತ್ರ ಗೊತ್ತಾಗುವುದು. ಗುರುತು ಹಾಕಿದವರು ನಮ್ಮ ವಿಜ್ಞಾನ ಮೇಷ್ಟ್ರಿಗೆ ಹೇಳಿ. ಅವರು ತೋಟಗಾರಿಕೆ ಇಲಾಖೆಯವರಿಗೆ ತಿಳಿಸಬಹುದು.

ಮನೆಯಲ್ಲಿ ಅಜ್ಜಯ್ಯ ಇದ್ದರೆ ಕೊಟ್ಟೆ ಕಟ್ಟುವುದು ಹೇಗೆ ಅಂತಲೂ ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.